ಅಟ್ಟ ಸೇರಿದ ರಕೂನನ್ನು ನೋಯಿಸದೆ ಹೊರಗೆ ಕಳಿಸುವ ಬಗೆ

ಕೆನಡಾದ ಟೊರಾಂಟೊ ಸುತ್ತಮುತ್ತ ಮನೆ ಕೊಂಡ ನಮ್ಮ ಜನರಿಗೆ ವರ್ಷ ತುಂಬುವಷ್ಟರಲ್ಲಿ ರಕೂನಿನ ಪರಿಚಯ ಆಗಿಯೇ ಆಗುತ್ತದೆ: ಕಣ್ಣಿನ ಸುತ್ತ ಕಪ್ಪು ಪಟ್ಟೆ, ಬಾಲದಲ್ಲಿ ಬಳೆಬಳೆ ಗುರುತು ಇರುವ, ಬೆಕ್ಕಿಗಿಂತ ದೊಡ್ಡದಾದ ಕಾಡುಪ್ರಾಣಿ. ರಾತ್ರಿ ಕಸದ ಡಬ್ಬ ಉರುಳುತ್ತದೆ, ಬೆಳಿಗ್ಗೆ ನೋಡಿದರೆ ಹಿತ್ತಲ ಹುಲ್ಲಿನ ಹಾಸನ್ನು ಯಾರೋ ಸುತ್ತಿ ಎತ್ತಿಟ್ಟಿರುತ್ತಾರೆ, ಕೊನೆಗೊಂದು ದಿನ ಮಲಗುವ ಕೋಣೆಯ ನೆತ್ತಿಯ ಮೇಲೆಯೇ ಹೆಜ್ಜೆ ಸದ್ದು ಕೇಳುತ್ತದೆ. ಮಲೆನಾಡಿನ ಹಂಚಿನ ಮನೆಯಲ್ಲಿ ಬೆಳೆದವರಿಗೆ ಅಟ್ಟದಲ್ಲಿ ಕಬ್ಬೆಕ್ಕು ಓಡಾಡುವ ಸದ್ದು ಗೊತ್ತಿರುತ್ತದೆ, ಇದು ಅದಕ್ಕಿಂತ ಭಾರದ್ದು. ಗೆಳೆಯರನ್ನು ಕೇಳಿದರೆ ಎಲ್ಲರದ್ದೂ ಒಂದೇ ಸಲಹೆ: ಅಂಗಡಿಯಿಂದ ಬೋನು ತಂದಿಡು, ಬಿದ್ದ ಮೇಲೆ ಕಾರಿನಲ್ಲಿ ಹಾಕಿಕೊಂಡು ಹೋಗಿ ದೂರದ ಕಾಡಿನಲ್ಲಿ ಬಿಟ್ಟು ಬಾ.

ಕೊಲ್ಲುವುದಿಲ್ಲವಲ್ಲ, ಹಾಗಾಗಿ ಇದು ದಯೆಯ ದಾರಿ ಎಂದೇ ಹೆಚ್ಚಿನವರು ನಂಬಿದ್ದಾರೆ. ಅಲ್ಲ. ದೂರ ಒಯ್ದು ಬಿಟ್ಟ ರಕೂನಿಗೆ ಆ ಜಾಗದಲ್ಲಿ ನೀರೆಲ್ಲಿ, ಆಹಾರವೆಲ್ಲಿ, ಚಳಿಗೆ ಅಡಗಲು ಪೊಟರೆ ಎಲ್ಲಿ ಎಂಬುದು ಗೊತ್ತಿರುವುದಿಲ್ಲ. ಅಲ್ಲಿ ಮೊದಲೇ ನೆಲೆಸಿದ ರಕೂನುಗಳು ಅದನ್ನು ಸೇರಿಸಿಕೊಳ್ಳುವುದಿಲ್ಲ. ಹಾಗೆ ಬಿಟ್ಟವುಗಳಲ್ಲಿ ಬಹಳಷ್ಟು ಉಳಿಯುವುದೇ ಇಲ್ಲ. ವಸಂತದಲ್ಲಾದರೆ ಹಿಂದೆ ಅಟ್ಟದಲ್ಲಿ ಕಣ್ಣು ಬಿಡದ ಮರಿಗಳು ಹಾಲಿಲ್ಲದೆ ಸಾಯುತ್ತವೆ. ಇತ್ತ ನಿಮ್ಮ ಸೂರಿನ ತೂತು ತೆರೆದೇ ಇರುತ್ತದೆ, ಕೆಲವೇ ವಾರದಲ್ಲಿ ಇನ್ನೊಂದು ರಕೂನು ಬಂದು ಸೇರುತ್ತದೆ.

ರೋಗದ ಲೆಕ್ಕವೂ ಇದೆ. ರಕೂನು ಹರಡುವ ರೇಬೀಸ್ ಮೊದಲು ಅಮೆರಿಕದ ಆಗ್ನೇಯ ಭಾಗಕ್ಕಷ್ಟೇ ಸೀಮಿತವಾಗಿತ್ತು. 1970ರ ದಶಕದ ಕೊನೆಯಲ್ಲಿ ಬೇಟೆಗೆಂದು ಆ ಕಡೆಯಿಂದ ರಕೂನುಗಳನ್ನು ಸಾಗಿಸಿ ವರ್ಜೀನಿಯಾ, ವೆಸ್ಟ್ ವರ್ಜೀನಿಯಾ ಸೀಮೆಯಲ್ಲಿ ಬಿಟ್ಟರು. ಅಲ್ಲಿಂದ ಅದು ಪೂರ್ವ ಕರಾವಳಿಯುದ್ದಕ್ಕೂ ಹಬ್ಬಿ 1999ರಲ್ಲಿ ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯವನ್ನು ಮುಟ್ಟಿತು. ಲಸಿಕೆ ಹಾಕಿದ ಆಹಾರದ ತುಣುಕುಗಳನ್ನು ಕಾಡು ಮೇಡುಗಳಲ್ಲಿ ಚೆಲ್ಲಿ ಅದನ್ನು ತೊಲಗಿಸಿದರು, ಆದರೆ 2015ರ ಡಿಸೆಂಬರ್‌ನಲ್ಲಿ ಅದೇ ಪ್ರಾಂತ್ಯದ ಹ್ಯಾಮಿಲ್ಟನ್ ನಗರದಲ್ಲಿ ಮತ್ತೆ ಕಾಣಿಸಿಕೊಂಡಿತು. ಆದ್ದರಿಂದಲೇ ಕಾನೂನು ಬಿಗಿಯಾಗಿದೆ. ಒಂಟಾರಿಯೊದಲ್ಲಿ ನೀವು ಹಿಡಿದ ರಕೂನನ್ನು 24 ಗಂಟೆಯೊಳಗೆ, ಹಿಡಿದ ಜಾಗದಿಂದ 1 ಕಿಲೋಮೀಟರ್ ಒಳಗೇ ಬಿಡಬೇಕು. ಮ್ಯಾಸಚೂಸೆಟ್ಸ್‌ನಲ್ಲಿ ಹಿಡಿದ ವನ್ಯಪ್ರಾಣಿಯನ್ನು ಬೇರೆಡೆ ಒಯ್ದು ಬಿಡುವಂತೆಯೇ ಇಲ್ಲ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಲ್ಲಿ ಅನುಮತಿಯಿಲ್ಲದೆ ಸಾಗಿಸುವುದು ಅಪರಾಧ. ಬೇರೆ ರಾಜ್ಯ, ಪ್ರಾಂತ್ಯಗಳಲ್ಲಿ ಇರುವವರು ಬೋನು ಕೊಳ್ಳುವ ಮೊದಲು ಅಲ್ಲಿನ ವನ್ಯಜೀವಿ ಇಲಾಖೆಯ ನಿಯಮ ಓದಿಕೊಳ್ಳಿ.

ಹಾಗಾದರೆ ಸರಿಯಾದ ದಾರಿ ಯಾವುದು? ರಕೂನು ತಾನಾಗಿ ಹೊರಗೆ ಹೋಗುವಂತೆ ಮಾಡಿ, ಹೋದ ಮೇಲೆ ಬಾಗಿಲು ಮುಚ್ಚುವುದು. ಅದಕ್ಕೆ ತನ್ನ ಸೀಮೆಯಲ್ಲಿ ಬೇರೆ ಗೂಡುಗಳು ಇದ್ದೇ ಇರುತ್ತವೆ. ನಿಮ್ಮ ಅಟ್ಟ ಅವುಗಳಲ್ಲಿ ಬೆಚ್ಚಗಿನದು, ಅಷ್ಟೇ. ಬೋನಿನ ವಿಚಾರವನ್ನೂ ಮುಂದೆ ವಿವರವಾಗಿ ಹೇಳುತ್ತೇನೆ, ಆದರೆ ಅದು ಬೇರೆ ದಾರಿ ಮುಚ್ಚಿದಾಗಿನ ಮಾತು.

ಹೆಜ್ಜೆ 1: ಒಳಗಿರುವುದು ರಕೂನೇ ಹೌದೇ ನೋಡಿ

ಹಗಲಲ್ಲಿ ಪುಟಪುಟನೆ ಓಡುವ ಸದ್ದು ಕೇಳಿದರೆ ಅದು ಅಳಿಲು. ಗೋಡೆಯೊಳಗೆ ಕೆರೆಯುವ ಸಣ್ಣ ಸದ್ದು ಇಲಿಯದ್ದು. ಕತ್ತಲಾದ ಸ್ವಲ್ಪ ಹೊತ್ತಿಗೆ ಮತ್ತು ಬೆಳಗಿನ ಜಾವ, ಧಪ್ ಧಪ್ ಎಂದು ತೂಕದ ಹೆಜ್ಜೆ ಬಿದ್ದರೆ ರಕೂನು. ಬೆಳೆದ ರಕೂನು ಸಾಮಾನ್ಯವಾಗಿ 5ರಿಂದ 12 ಕಿಲೋ ತೂಗುತ್ತದೆ, ಶರತ್ಕಾಲದಲ್ಲಿ ಕೊಬ್ಬು ತುಂಬಿಕೊಂಡಾಗ ಇನ್ನೂ ಹೆಚ್ಚು. ಏಪ್ರಿಲ್‌ನಿಂದ ಆಚೆಗೆ ಸೀಲಿಂಗಿನ ಹಿಂದಿನಿಂದ ಹಕ್ಕಿಮರಿಗಳ ಚಿಲಿಪಿಲಿಯೋ ಕೂಸಿನ ಅಳುವೋ ತಿಳಿಯದಂಥ ದನಿ ಬಂದರೆ ಮರಿಗಳಿವೆ ಎಂದೇ ತಿಳಿಯಿರಿ.

ಆಮೇಲೆ ಹಗಲಲ್ಲಿ ಮನೆಯ ಸುತ್ತ ಒಂದು ಸುತ್ತು ಹಾಕಿ, ಕತ್ತೆತ್ತಿ ನೋಡಿ. ಛಾವಣಿಯ ಅಂಚಿನ ಕೆಳಗೆ ಅಡ್ಡಲಾಗಿ ಹೊಡೆದಿರುವ ಸಾಫಿಟ್ ಹಲಗೆ ಎಲ್ಲಾದರೂ ಜೋತುಬಿದ್ದಿದೆಯೇ? ಎರಡು ಛಾವಣಿ ಸೇರುವ ಮೂಲೆಯಲ್ಲಿ ಶಿಂಗಲ್, ಅಂದರೆ ಛಾವಣಿಗೆ ಹೊದಿಸಿದ ಬಿಲ್ಲೆ, ಕಿತ್ತಿದೆಯೇ? ಗಾಳಿಯಾಡಲು ಛಾವಣಿಯಲ್ಲಿಟ್ಟ ಪ್ಲಾಸ್ಟಿಕ್ ವೆಂಟ್ ಒಡೆದಿದೆಯೇ? ಚಿಮಣಿಗೆ ಮುಚ್ಚಳವಿದೆಯೇ? 10 ಸೆಂಟಿಮೀಟರ್ ಅಗಲದ ಸಂದಿದ್ದರೆ ರಕೂನು ನುಸುಳುತ್ತದೆ, ಅಷ್ಟಿಲ್ಲದಿದ್ದರೆ ಕೈಯಿಂದ ಕಿತ್ತು ದೊಡ್ಡದು ಮಾಡಿಕೊಳ್ಳುತ್ತದೆ. ಮಳೆನೀರಿನ ಪೈಪಿನ ಮೇಲೆ ಕಪ್ಪು ಜಿಡ್ಡಿನ ಕೈಗುರುತು ಇದ್ದರೆ ಅದೇ ಅದರ ಏಣಿ. ಆ ಗುರುತನ್ನು ಹತ್ತಿರದಿಂದ ನೋಡಿ: ಉದ್ದನೆಯ ಐದು ಬೆರಳು, ಅಂಗೈ, ಪುಟ್ಟ ಮಗು ಕೆಸರಿನ ಕೈ ಊರಿ ಹೋದ ಹಾಗೆಯೇ. ಆ ಬೆರಳುಗಳ ಸ್ಪರ್ಶ ಬಹಳ ಸೂಕ್ಷ್ಮ. ಕತ್ತಲಲ್ಲಿ ನೋಡದೆಯೇ ಚಿಲಕ ತಡವಿ ತಡವಿ ತೆಗೆಯುತ್ತದೆ. ಟೊರಾಂಟೊ ನಗರಪಾಲಿಕೆ 2016ರಲ್ಲಿ ಅಡುಗೆಮನೆಯ ಹಸಿಕಸಕ್ಕೆಂದು ತಿರುಗುವ ಬೀಗದ ಹಸಿರು ಡಬ್ಬಗಳನ್ನು ಮನೆಮನೆಗೆ ಹಂಚಬೇಕಾಗಿ ಬಂದದ್ದು ಈ ಕೈಗಳಿಗಾಗಿಯೇ.

ಹೊರಗಿನ ತೂತು ಸಿಕ್ಕಿದ ಮೇಲೆ ಅದು ಈಗಲೂ ಬಳಕೆಯಲ್ಲಿದೆಯೇ ಎಂದು ತಿಳಿಯಬೇಕು. ಸುಲಭದ ದಾರಿ: ಹಳೆಯ ಪತ್ರಿಕೆಯನ್ನು ಉಂಡೆ ಮಾಡಿ ತೂತಿಗೆ ಸಡಿಲವಾಗಿ ತುರುಕಿ. ಡೆಕ್ಕಿನ, ಅಂದರೆ ಹಿತ್ತಲಿನ ಮರದ ಜಗಲಿಯ, ಅಡಿಯಾದರೆ ಬಾಯಿಯ ಮುಂದೆ ಅಡುಗೆಮನೆಯ ಮೈದಾಹಿಟ್ಟನ್ನು ತೆಳ್ಳಗೆ ಉದುರಿಸಿ. ರಾತ್ರಿ ಕಳೆದು ಬೆಳಿಗ್ಗೆ ಕಾಗದ ಹೊರಗೆ ಬಿದ್ದಿದ್ದರೆ, ಹಿಟ್ಟಿನ ಮೇಲೆ ಕೈಗುರುತು ಮೂಡಿದ್ದರೆ ಒಳಗೆ ಜೀವವಿದೆ. ಎರಡು ಮೂರು ರಾತ್ರಿ ಕಾಗದ ಕದಲದಿದ್ದರೆ ಖಾಲಿ ಎನ್ನಬಹುದು, ಆದರೆ ಇದು ಬೇಸಿಗೆ ಮತ್ತು ಶರತ್ಕಾಲದ ಮಾತು. ಕಡುಚಳಿಯಲ್ಲಿ ರಕೂನು ಕರಡಿಯಂತೆ ತಿಂಗಳುಗಟ್ಟಲೆ ಮಲಗದಿದ್ದರೂ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಗೂಡು ಬಿಟ್ಟು ಕದಲುವುದಿಲ್ಲ. ಜನವರಿಯಲ್ಲಿ ಕಾಗದ ಅಲುಗಲಿಲ್ಲವೆಂದು ತೂತು ಮುಚ್ಚಿದರೆ ಒಳಗೇ ಸಮಾಧಿ ಮಾಡಿದ ಹಾಗೆ.

ಅಟ್ಟದೊಳಗೆ ತಲೆ ಹಾಕುವುದಾದರೆ ಮರದ ತೊಲೆಗಳ ಮೇಲಷ್ಟೇ ಕಾಲಿಡಿ. ನಡುವೆ ಚಳಿ ತಡೆಯಲು ಹಾಕಿದ ಇನ್ಸುಲೇಶನ್ ಕೆಳಗಿರುವುದು ಬರೀ ಡ್ರೈವಾಲ್ ಎಂಬ ತೆಳು ಜಿಪ್ಸಮ್ ಹಲಗೆ, ಕಾಲು ಕೆಳಗಿನ ಕೋಣೆಗೆ ಇಳಿಯುತ್ತದೆ. ಮೂಗು ಬಾಯಿಗೆ ಎನ್95 ಮಾಸ್ಕ್ ಇರಲಿ. ತಾಯಿ ಕಂಡರೆ ಹತ್ತಿರ ಹೋಗಬೇಡಿ, ನಿಧಾನ ಹಿಂದೆ ಸರಿದು ಇಳಿದುಬಿಡಿ.

ಹೆಜ್ಜೆ 2: ಕ್ಯಾಲೆಂಡರ್ ನೋಡಿ

ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ. ರಕೂನುಗಳು ಜನವರಿಯಿಂದ ಮಾರ್ಚ್ ನಡುವೆ ಕೂಡುತ್ತವೆ. ಗರ್ಭ ಸುಮಾರು 63 ದಿನ. ಹಾಗಾಗಿ ಹೆಚ್ಚಿನ ಮರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಹುಟ್ಟುತ್ತವೆ, ಒಂದು ಸೂಲಿಗೆ ಸಾಮಾನ್ಯವಾಗಿ ಮೂರೋ ನಾಲ್ಕೋ. ಕಣ್ಣು ಬಿಡಲು ಮೂರು ವಾರ ಬೇಕು. ತಾಯಿಯ ಹಿಂದೆ ಹೊರಗೆ ಹೊರಡಲು ಎಂಟರಿಂದ ಹತ್ತು ವಾರ ಬೇಕು. ಗಂಡು ಇದರಲ್ಲಿ ಯಾವ ಹೊಣೆಯನ್ನೂ ಹೊರುವುದಿಲ್ಲ, ತಾಯಿ ಒಬ್ಬಳೇ.

ಅಂದರೆ ಮಾರ್ಚ್ ಮಧ್ಯದಿಂದ ಆಗಸ್ಟ್ ಆರಂಭದವರೆಗೆ ಅಟ್ಟದಲ್ಲಿರುವುದು ಬಾಣಂತಿಯೇ ಎಂದು ನಂಬಿ ನಡೆಯಬೇಕು. ಈ ಕಾಲದಲ್ಲಿ ಬೋನು ಇಡಬೇಡಿ, ತೂತು ಮುಚ್ಚಬೇಡಿ. ತಾಯಿ ಹೊರಗೆ ಸಿಕ್ಕಿ ಮರಿ ಒಳಗೆ ಉಳಿದರೆ ಅವಳು ಸುಮ್ಮನಿರುವುದಿಲ್ಲ. ಶಿಂಗಲ್, ಹಲಗೆ, ವೆಂಟ್ ಎಲ್ಲವನ್ನೂ ಕಿತ್ತು ಒಳನುಗ್ಗುತ್ತಾಳೆ, ಒಂದು ರಾತ್ರಿಯ ಹಾನಿಯ ಮುಂದೆ ಅದುವರೆಗಿನದು ಏನೂ ಅಲ್ಲ ಅನ್ನಿಸುತ್ತದೆ. ಒಳಬರಲು ಆಗದಿದ್ದರೆ ಮರಿಗಳು ಸತ್ತು, ಆ ವಾಸನೆ ಗೋಡೆಯೊಳಗಿಂದ ಬರುತ್ತದೆ.

ನನ್ನ ಮಾತು ಕೇಳುವುದಾದರೆ, ಮೇ ತಿಂಗಳಲ್ಲಿ ಮರಿಗಳ ಸದ್ದು ಕೇಳಿದವರು ಜುಲೈ ಕೊನೆಯವರೆಗೆ ತಾಳಿಕೊಳ್ಳಿ. ಮರಿಗಳಿಗೆ ನಡೆಯಲು ಬಂದೊಡನೆ ತಾಯಿ ತಾನೇ ಕರೆದುಕೊಂಡು ಹೊರಡುತ್ತಾಳೆ. ಆಗ ಮುಚ್ಚಿದರೆ ಯಾರಿಗೂ ನೋವಿಲ್ಲ. ಎಲ್ಲಕ್ಕಿಂತ ಒಳ್ಳೆಯ ಕಾಲ ಸೆಪ್ಟೆಂಬರ್, ಅಕ್ಟೋಬರ್. ತಾಳಲು ಸಾಧ್ಯವೇ ಇಲ್ಲ ಎನ್ನುವಂಥ ಕಾರಣವಿದ್ದರೆ, ಮನೆಯಲ್ಲಿ ಎಳೆಗೂಸಿದೆ ಅಥವಾ ಸೀಲಿಂಗ್ ಒದ್ದೆಯಾಗಿ ಜೋತಿದೆ ಎಂದರೆ, ಮುಂದಿನ ಹೆಜ್ಜೆ ಆಗಲೂ ನಡೆಯುತ್ತದೆ, ಆದರೆ ನಿಧಾನವಾಗಿ.

ಹೆಜ್ಜೆ 3: ಕರೆಯುವುದನ್ನು ನಿಲ್ಲಿಸಿ

ರಕೂನು ಬರುವುದು ಊಟಕ್ಕೆ. ಕಸದ ಡಬ್ಬವನ್ನು ಹಿಂದಿನ ರಾತ್ರಿ ಹೊರಗಿಡದೆ ಕಸದ ಗಾಡಿ ಬರುವ ದಿನ ಬೆಳಿಗ್ಗೆಯೇ ಇಡಿ. ಬೆಕ್ಕು ನಾಯಿಗಳ ತಟ್ಟೆಯನ್ನು ಸಂಜೆಗೆ ಮುಂಚೆ ಒಳಗೆ ತನ್ನಿ. ಹಕ್ಕಿಗಳಿಗೆ ಕಾಳು ಹಾಕುವ ಬುಟ್ಟಿಯನ್ನು ರಾತ್ರಿ ಇಳಿಸಿಬಿಡಿ.

ನಮ್ಮ ಮನೆಗಳಲ್ಲಿ ಇನ್ನೂ ಕೆಲವು ವಿಶೇಷಗಳಿವೆ. ಬೇಸಿಗೆಯಲ್ಲಿ ಊರಿಂದ ಬಂದ ಅಪ್ಪ ಅಮ್ಮ ಬೆಳಿಗ್ಗೆ ಎದ್ದು ಹಕ್ಕಿಗೆಂದು ಹಿತ್ತಲ ಕಟ್ಟೆಯ ಮೇಲೆ ಅನ್ನ ಇಡುತ್ತಾರೆ, ಪಿತೃಪಕ್ಷದಲ್ಲಿ ಕಾಗೆಗೆಂದು ಎಡೆ ಇಡುತ್ತೇವೆ, ಗೃಹಪ್ರವೇಶದ ದಿನ ಒಡೆದ ಕುಂಬಳಕಾಯಿ ತೆಂಗಿನಕಾಯಿ ಬಾಗಿಲಲ್ಲೇ ಉಳಿಯುತ್ತದೆ. ಬೆಳಗಿನ ಹೊತ್ತು ಇಟ್ಟು, ಹಕ್ಕಿ ತಿಂದು ಮಿಕ್ಕಿದ್ದನ್ನು ಮಧ್ಯಾಹ್ನವೇ ತೆಗೆದರೆ ತೊಂದರೆಯಿಲ್ಲ. ಸಂಜೆ ಉಳಿದ ಅನ್ನ ಸಾರನ್ನು ಗಿಡಕ್ಕೆ ಒಳ್ಳೆಯದೆಂದು ಹಿತ್ತಲಿಗೆ ಚೆಲ್ಲುವ ಅಭ್ಯಾಸವನ್ನು ಮಾತ್ರ ಬಿಡಲೇಬೇಕು. ಕಾಂಪೋಸ್ಟಿಗೆ ಹಸಿ ತರಕಾರಿ ಸಿಪ್ಪೆ ಸಾಕು, ಬೇಯಿಸಿದ್ದು ಬೇಡ. ಹಸಿದು ಬಂದಿದೆ ಪಾಪ ಎಂದು ರಕೂನಿಗೇ ತಟ್ಟೆ ಇಡುವವರೂ ಇದ್ದಾರೆ. ಆ ಮನಸ್ಸು ದೊಡ್ಡದು, ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಮನುಷ್ಯರ ಭಯ ಕಳೆದುಕೊಂಡ ರಕೂನು ಮುಂದೆ ಯಾರದೋ ಅಡುಗೆಮನೆಯ ಜಾಲರಿ ಹರಿದು ಒಳಗೆ ಹೋಗುತ್ತದೆ, ಆ ಮನೆಯವರು ನಿಮ್ಮಷ್ಟು ಮೆತ್ತಗಿನವರು ಆಗಿರಲಿಕ್ಕಿಲ್ಲ.

ಹೆಜ್ಜೆ 4: ಗೂಡು ಅಹಿತವಾಗುವಂತೆ ಮಾಡಿ

ಕತ್ತಲೆ, ಮೌನ, ಪರಿಚಿತ ವಾಸನೆ, ಈ ಮೂರು ಇರುವ ಕಡೆ ರಕೂನು ನೆಲೆಸುತ್ತದೆ. ಮೂರನ್ನೂ ಕೆಡಿಸಿ. ಅಟ್ಟದಲ್ಲಿ ಗೂಡಿನ ಕಡೆಗೆ ಮುಖಮಾಡಿ ಒಂದು ಪ್ರಖರ ಎಲ್‌ಇಡಿ ದೀಪ ಇಡಿ, ಬಿಸಿಯಾಗುವ ಹಳೆಯ ಹ್ಯಾಲೊಜೆನ್ ದೀಪ ಬೆಂಕಿಗೆ ದಾರಿ, ಅದು ಬೇಡ. ಪಕ್ಕದಲ್ಲಿ ರೇಡಿಯೊ ಇಟ್ಟು ಮಾತುಕತೆಯ ಸ್ಟೇಷನ್ ಹಾಕಿ. ಹಾಡಿಗಿಂತ ಮನುಷ್ಯರ ಮಾತು ಅವುಗಳಿಗೆ ಹೆಚ್ಚು ಕಸಿವಿಸಿ ಮಾಡುತ್ತದೆ. ಹಳೆ ಬಟ್ಟೆಯನ್ನು ಆಪಲ್ ಸೈಡರ್ ವಿನೆಗರ್‌ನಲ್ಲಿ ಅದ್ದಿ ಗೂಡಿನ ಹತ್ತಿರ, ಆದರೆ ಮರಿಗಳಿಗೆ ತಾಗದಷ್ಟು ದೂರದಲ್ಲಿ ತೂಗುಹಾಕಿ. ಇವನ್ನೆಲ್ಲ ಸಂಜೆ ಕತ್ತಲಾಗುವ ಹೊತ್ತಿಗೆ ಆರಂಭಿಸಿ. ಹಗಲಲ್ಲಿ ಓಡಿಸಿದರೆ ಅದಕ್ಕೆ ಹೋಗಲು ಜಾಗವಿರುವುದಿಲ್ಲ.

ನುಸಿಗುಳಿಗೆ ಹಾಕಬೇಡಿ. ನಾಫ್ತಲೀನ್ ಹೊಗೆ ಕೆಳಗೆ ಮಲಗಿದ ನಿಮ್ಮ ಮಕ್ಕಳಿಗೇ ವಿಷ, ಪ್ಯಾಕೆಟ್ಟಿನ ಮೇಲೆ ಬರೆದಿರುವುದಕ್ಕಲ್ಲದೆ ಬೇರೆ ಉದ್ದೇಶಕ್ಕೆ ಬಳಸುವುದು ಕಾನೂನಿಗೂ ಸಲ್ಲದು. ಮುಚ್ಚಿದ ಅಟ್ಟದಲ್ಲಿ ಅಮೋನಿಯಾ ಸುರಿಯುವುದೂ ಬೇಡ, ಓಡಲಾರದ ಮರಿಗಳ ಕಣ್ಣು ಮೂಗು ಉರಿಯುತ್ತದೆ. ಚಿಮಣಿಯಲ್ಲಿದ್ದರೆ ಹೊಗೆ ಹಾಕಿ ಓಡಿಸಲು ಹೋಗಲೇಬೇಡಿ. ಚಿಮಣಿಯಲ್ಲಿರುವ ರಕೂನು ಬಿದ್ದು ಸಿಕ್ಕಿಕೊಂಡದ್ದಲ್ಲ, ಹತ್ತಲು ಇಳಿಯಲು ಅದಕ್ಕೆ ಚೆನ್ನಾಗಿ ಬರುತ್ತದೆ. ಮರಿಗಳು ಮಾತ್ರ ಹತ್ತಲಾರವು, ಸುಟ್ಟು ಸಾಯುತ್ತವೆ. ಬೆಂಕಿಗೂಡಿನಿಂದ ಚಿಮಣಿಗೆ ಹೋಗುವ ದಾರಿಯ ಮುಚ್ಚಳವನ್ನು (ಡ್ಯಾಂಪರ್) ಮುಚ್ಚಿಟ್ಟು, ಕೆಳಗೆ ರೇಡಿಯೊ ಹಾಕಿ.

ಮರಿಯಿಲ್ಲದ ರಕೂನು ಎರಡು ಮೂರು ರಾತ್ರಿಯಲ್ಲಿ ಜಾಗ ಬಿಡುತ್ತದೆ. ಬಾಣಂತಿಗೆ ಹೆಚ್ಚು ಸಮಯ ಕೊಡಿ, ಅವಳು ಮೊದಲು ಬೇರೆ ಗೂಡನ್ನು ಹೋಗಿ ನೋಡಿ ಬರಬೇಕು. ಆಮೇಲೆ ಒಂದೊಂದೇ ಮರಿಯನ್ನು ಕತ್ತಿನ ಹಿಂದಿನ ಚರ್ಮದಲ್ಲಿ ಕಚ್ಚಿ ಹಿಡಿದು ಒಯ್ಯುತ್ತಾಳೆ. ನಮ್ಮ ಬೀದಿಯ ಎದುರು ಮನೆಯ ಛಾವಣಿಯಲ್ಲಿ ಇದನ್ನು ನೋಡಿದ್ದೇನೆ. ಮರಿಯನ್ನು ಬಾಯಲ್ಲಿ ಹಿಡಿದು ಛಾವಣಿಯಂಚಿಗೆ ಬಂದಳು, ಹಿಂಗಾಲಿನ ಪಾದಗಳನ್ನು ಹಿಂದಕ್ಕೆ ತಿರುಗಿಸಿ ಪೈಪಿಗೆ ಆನಿಸಿ ತಲೆ ಕೆಳಗಾಗಿ ಇಳಿದಳು. ನಡುವೆ ಮರಿ ಕಿರುಚಿದಾಗ ಅಲ್ಲೇ ನಿಂತು, ಹಿಡಿತ ಸರಿಮಾಡಿಕೊಂಡು, ಮತ್ತೆ ಇಳಿದಳು. ಬೇಲಿಯಾಚೆ ಬಿಟ್ಟು ಇನ್ನೊಂದಕ್ಕೆಂದು ಹಿಂತಿರುಗಿದಳು. ಬೀದಿಯವರೆಲ್ಲ ಮಾತಿಲ್ಲದೆ ನಿಂತು ನೋಡುತ್ತಿದ್ದರು. ಈ ನಗರದ ಜನಕ್ಕೆ ರಕೂನಿನ ಮೇಲೆ ಎಷ್ಟು ಸಿಟ್ಟಿದ್ದರೂ ಅಕ್ಕರೆಯೂ ಅಷ್ಟೇ ಇದೆ. 2015ರ ಜುಲೈನಲ್ಲಿ ಯಂಗ್ ಸ್ಟ್ರೀಟಿನ ಪಾದಚಾರಿ ಹಾದಿಯಲ್ಲಿ ಸತ್ತುಬಿದ್ದ ಒಂದು ರಕೂನಿಗೆ ದಾರಿಹೋಕರು ಹೂವು, ಮೋಂಬತ್ತಿ ಇಟ್ಟು ಹೋದದ್ದು ಸುದ್ದಿಯಾಗಿತ್ತು.

ಹೆಜ್ಜೆ 5: ಒಮ್ಮುಖ ಬಾಗಿಲು

ಸದ್ದು ನಿಂತಿತೆಂದು ನೇರ ಹಲಗೆ ಹೊಡೆಯಬೇಡಿ. ತೂತಿಗೆ ಒಮ್ಮುಖ ಬಾಗಿಲು ಹಾಕಿ: ಗಟ್ಟಿ ತಂತಿಯ ಚೌಕಟ್ಟು, ಮೇಲ್ಗಡೆ ಕೀಲು, ಒಳಗಿಂದ ತಳ್ಳಿದರೆ ತೆರೆಯುತ್ತದೆ, ಹಿಂದೆಯೇ ಬಿದ್ದು ಮುಚ್ಚಿಕೊಳ್ಳುತ್ತದೆ. ವನ್ಯಜೀವಿ ನಿಯಂತ್ರಣದ ಸಲಕರಣೆ ಮಾರುವವರಲ್ಲಿ ಸಿದ್ಧವಾಗಿ ಸಿಗುತ್ತದೆ. ಅದರ ಸುತ್ತಲಿನ ಸಂದನ್ನು 16 ಗೇಜಿನ (ಗೇಜ್ ಎಂದರೆ ತಂತಿಯ ದಪ್ಪದ ಅಳತೆ), ಅರ್ಧ ಇಂಚು ಕಣ್ಣಿನ ಕಬ್ಬಿಣದ ಜಾಲರಿಯಿಂದ ಮುಚ್ಚಿ ಸ್ಕ್ರೂ ಬಿಗಿಯಿರಿ. ಕೋಳಿಗೂಡಿನ ತೆಳು ಜಾಲರಿ ಸಾಲದು, ಅದನ್ನು ಕೈಯಲ್ಲೇ ಹರಿಯುತ್ತದೆ. ಬಾಗಿಲು ಹಾಕುವ ಮೊದಲೇ ಮನೆಯ ಬೇರೆಲ್ಲ ಸಡಿಲ ಜಾಗಗಳನ್ನು ಭದ್ರಮಾಡಿರಬೇಕು. ಇಲ್ಲವಾದರೆ ಹೊರಗಾದ ರಕೂನು ಮೊದಲು ಅವನ್ನೇ ತಡಕುತ್ತದೆ. ಮೂರರಿಂದ ಐದು ರಾತ್ರಿ ಹಾಗೆಯೇ ಬಿಟ್ಟು, ಒಳಗೆ ಸದ್ದಿಲ್ಲ, ಕಾಗದದ ಪರೀಕ್ಷೆಯಲ್ಲೂ ಖಾಲಿ ಎಂದು ಖಾತ್ರಿಯಾದ ಮೇಲೆ ಬಾಗಿಲು ತೆಗೆದು ಶಾಶ್ವತವಾಗಿ ಮುಚ್ಚಿ.

ಮರಿಗಳಿದ್ದಾಗ ಒಮ್ಮುಖ ಬಾಗಿಲು ಒಂದನ್ನೇ ನಂಬಬಾರದು. ಅಂಥ ಹೊತ್ತಿನಲ್ಲಿ ಅನುಭವಸ್ಥ ಕೆಲಸಗಾರರು ತಾಯಿ ಹೊರಗಿರುವಾಗ ಕೈಗವಸು ಹಾಕಿ ಮರಿಗಳನ್ನು ಎತ್ತಿ, ಮುಚ್ಚಳ ಸಡಿಲವಿರುವ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಜೊತೆ ಇಟ್ಟು, ಪೆಟ್ಟಿಗೆಯನ್ನು ಹೊರಗೆ ಅದೇ ಬಾಗಿಲ ಸಮೀಪ ಇಡುತ್ತಾರೆ. ರಾತ್ರಿ ತಾಯಿ ಬಂದು ಒಂದೊಂದಾಗಿ ಎತ್ತಿಕೊಂಡು ಹೋಗುತ್ತಾಳೆ. ಮನುಷ್ಯರ ವಾಸನೆ ತಾಗಿದರೆ ಬಿಟ್ಟುಬಿಡುತ್ತಾಳೆ ಎಂಬುದು ನಿಜವಲ್ಲ. ಇದನ್ನು ಸ್ವಂತ ಕೈಯಿಂದ ಮಾಡಿ ಎಂದು ನಾನು ಹೇಳುವುದಿಲ್ಲ, ಏಣಿ, ಕತ್ತಲೆ, ಕಚ್ಚಬಲ್ಲ ತಾಯಿ, ಮೂರೂ ಒಟ್ಟಿಗೆ ಇರುವ ಕೆಲಸವಿದು. ಆದರೆ ನೀವು ಕರೆಸಿದವರು ಹೀಗೆ ಮಾಡುತ್ತಾರೆಯೇ ಎಂದು ಕೇಳಲು ತಿಳಿದಿರಬೇಕು.

ಬೋನು ಯಾವಾಗ, ಹೇಗೆ

ರಕೂನು ಗ್ಯಾರೇಜಿನೊಳಗೆ ಸಿಕ್ಕಿಕೊಂಡು ಬಾಗಿಲು ತೆರೆದಿಟ್ಟರೂ ಹೊರಡದಿದ್ದರೆ, ಅಥವಾ ಒಮ್ಮುಖ ಬಾಗಿಲು ಕೂರಿಸಲಾಗದಂಥ ಜಾಗದಲ್ಲಿದ್ದರೆ ಬೋನು ಬೇಕಾಗಬಹುದು. ಸುಮಾರು 32 ಇಂಚು ಉದ್ದ, 10 ಇಂಚು ಅಗಲ, 12 ಇಂಚು ಎತ್ತರದ, ಒಂದೇ ಬಾಗಿಲಿನ ಬೋನು ಸರಿಯಾದ ಅಳತೆ. ಚಿಕ್ಕದಾದರೆ ಬಾಗಿಲು ಬೆನ್ನಿನ ಮೇಲೋ ಬಾಲದ ಮೇಲೋ ಬೀಳುತ್ತದೆ. ಕಣ್ಣು ಸಣ್ಣದಿರುವ ಜಾಲರಿಯದೇ ಇರಲಿ. ದೊಡ್ಡ ಕಣ್ಣಿನ ಬೋನಾದರೆ ರಕೂನು ಹೊರಗಿನಿಂದಲೇ ಕೈ ಚಾಚಿ ಆಹಾರ ಎಳೆದುಕೊಳ್ಳುತ್ತದೆ, ಸಿಕ್ಕಿದ ಮೇಲೆ ಅದೇ ಕೈಯನ್ನು ತಂತಿಯ ನಡುವೆ ತೂರಿಸಿ ತೂರಿಸಿ ರಕ್ತ ಬರಿಸಿಕೊಳ್ಳುತ್ತದೆ.

ಜಾಗ ಸಮತಟ್ಟಾಗಿರಬೇಕು, ಅಲುಗಾಡುವ ನೆಲಕ್ಕೆ ರಕೂನು ಕಾಲಿಡುವುದಿಲ್ಲ. ಕೆಳಗೆ ಹಲಗೆ, ಮೇಲೆ ಭಾರಕ್ಕೆ ಒಂದೆರಡು ಇಟ್ಟಿಗೆ. ಕೈಗೆಟುಕುವ ದೂರದಲ್ಲಿ ಬಟ್ಟೆ, ವಯರು, ಗಿಡ ಯಾವುದೂ ಬೇಡ, ಎಲ್ಲವನ್ನೂ ಒಳಗೆಳೆದು ಚಿಂದಿ ಮಾಡುತ್ತದೆ. ಬೋನಿನ ಅರ್ಧ ಹಿಂಭಾಗಕ್ಕೆ ಹಳೆಯ ಬೆಡ್‌ಶೀಟ್ ಬಿಗಿಯಾಗಿ ಹೊದಿಸಿ ಅಂಚನ್ನು ಇಟ್ಟಿಗೆಯಡಿ ಸಿಕ್ಕಿಸಿದರೆ ಒಳಗಾದ ಮೇಲೆ ಅದಕ್ಕೆ ಮರೆ ಸಿಗುತ್ತದೆ.

ಆಹಾರಕ್ಕೆ ಮೀನು, ಮಾಂಸ ಹಾಕಿದರೆ ಪಕ್ಕದ ಮನೆಯ ಬೆಕ್ಕು ಬೀಳುತ್ತದೆ, ಇಲ್ಲವೇ ಹೆದರಿದಾಗ ಗಬ್ಬುನಾತದ ದ್ರವ ಸಿಡಿಸುವ ಸ್ಕಂಕ್ ಎಂಬ ಪ್ರಾಣಿ. ಮಾರ್ಷ್‌ಮ್ಯಾಲೊ, ಸಿಹಿ ಜೋಳ, ಕಡಲೆಕಾಯಿ ಬೆಣ್ಣೆ ಸಾಕು. ರಕೂನಿಗೆ ಮಾರ್ಷ್‌ಮ್ಯಾಲೊ ಎಷ್ಟು ಇಷ್ಟವೆಂದರೆ ಒಂಟಾರಿಯೊ ಸರಕಾರ ಚೆಲ್ಲುವ ರೇಬೀಸ್ ಲಸಿಕೆಯ ತುಣುಕಿಗೂ ಅದೇ ರುಚಿ. ಒಂದನ್ನು ಬಾಗಿಲ ಹೊರಗೆ, ಒಂದನ್ನು ನಡುವೆ, ಉಳಿದದ್ದನ್ನು ತುಳಿಯುವ ತಟ್ಟೆಯ ಆಚೆ ತುದಿಗೆ ಇಡಿ. ಮೊದಲೆರಡು ರಾತ್ರಿ ಬಾಗಿಲನ್ನು ತೆರೆದ ಸ್ಥಿತಿಯಲ್ಲೇ ಕಟ್ಟಿಹಾಕಿ ತಿಂದು ಹೋಗಲು ಬಿಟ್ಟರೆ ಆಮೇಲೆ ಅಂಜದೆ ಬರುತ್ತದೆ.

ಕತ್ತಲಾಗುವಾಗ ಇಡಿ, ಬೆಳಕು ಹರಿಯುತ್ತಿದ್ದಂತೆ ಹೋಗಿ ನೋಡಿ. ಹಗಲು ಮುಚ್ಚಿಡಿ. ಮಳೆ, ಹಿಮ, ಕೊರೆಯುವ ಚಳಿ, ಸೆಕೆಯ ಎಚ್ಚರಿಕೆ ಇರುವ ರಾತ್ರಿ ಇಡಲೇಬೇಡಿ. ಬೋನು ಇಟ್ಟು ವಾರಾಂತ್ಯದ ಪ್ರವಾಸಕ್ಕೆ ಹೋಗುವುದಕ್ಕಿಂತ ಕ್ರೂರ ಕೆಲಸ ಇನ್ನೊಂದಿಲ್ಲ.

ಬಿದ್ದಿದ್ದರೆ ಮೊದಲು ದೂರದಿಂದಲೇ ಹೊಟ್ಟೆಯ ಕಡೆ ನೋಡಿ. ಮೊಲೆತೊಟ್ಟು ಎದ್ದು ಕಾಣುತ್ತಿದ್ದರೆ ಬಾಣಂತಿ, ಕೂಡಲೇ ಅಲ್ಲೇ ಬಿಡಿ. ಬೇರೆಯದಾದರೂ ಬಿಡುವ ಜಾಗ ನಿಮ್ಮದೇ ಹಿತ್ತಲು: ತೂತನ್ನು ಮೊದಲು ಮುಚ್ಚಿ, ಸಂಜೆಯ ಹೊತ್ತಿಗೆ ಬಿಡಿ, ಅಲ್ಲಿಯವರೆಗೆ ಹೊದಿಕೆ ಹಾಕಿ ನೆರಳಲ್ಲಿ, ಸದ್ದಿಲ್ಲದ ಕಡೆ ಇರಲಿ. ದಪ್ಪ ಚರ್ಮದ ಕೈಗವಸು ಹಾಕಿ, ಬೋನಿನ ಹಿಂದೆ ನಿಂತು ಬಾಗಿಲೆತ್ತಿ. ಬಾಗಿಲು ಬೇಲಿ ಪೊದೆಗಳ ಕಡೆಗಿರಲಿ, ನಿಮ್ಮ ಕಡೆಗಲ್ಲ. ಮಕ್ಕಳು, ನಾಯಿ ಒಳಗೆ. ತಕ್ಷಣ ಹೊರಡದಿದ್ದರೆ ಬೋನನ್ನು ಕುಲುಕಬೇಡಿ, ಬಾಗಿಲು ಸಿಕ್ಕಿಸಿಟ್ಟು ದೂರ ಹೋಗಿ. ಸ್ಕಂಕ್ ಬಿದ್ದಿದ್ದರೆ ದೊಡ್ಡ ಬಟ್ಟೆಯನ್ನು ಮುಂದೆ ಹಿಡಿದು ಮೆಲ್ಲಮೆಲ್ಲನೆ ಹತ್ತಿರ ಹೋಗಿ ಹೊದಿಸಿ. ಹೊದಿಕೆಯಡಿ ಕತ್ತಲಾದಾಗ ಅದು ಸಾಮಾನ್ಯವಾಗಿ ದ್ರವ ಸಿಡಿಸುವುದಿಲ್ಲ.

ಕಚ್ಚಿದರೆ, ಪರಚಿದರೆ

ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು ಅದೇ ದಿನ ವೈದ್ಯರ ಬಳಿ ಹೋಗಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ, ಮುಂಚೆಯೇ ಲಸಿಕೆ ತೆಗೆದುಕೊಂಡರೆ ಭಯವಿಲ್ಲ. ನಾಯಿ ಬೆಕ್ಕುಗಳಿಗೆ ರೇಬೀಸ್ ಲಸಿಕೆ ಒಂಟಾರಿಯೊದಲ್ಲಿ ಕಡ್ಡಾಯ, ಅದನ್ನು ಮರೆಯಬೇಡಿ. ಹಗಲಲ್ಲಿ ಕಂಡ ಮಾತ್ರಕ್ಕೆ ರಕೂನಿಗೆ ಹುಚ್ಚು ಹಿಡಿದಿದೆ ಎಂದಲ್ಲ, ಹಾಲೂಡುವ ತಾಯಿ ಹಗಲೂ ಮೇವಿಗೆ ಹೊರಡುತ್ತಾಳೆ. ತೂರಾಡುವುದು, ಸುತ್ತುಸುತ್ತಾಗಿ ತಿರುಗುವುದು, ಕಣ್ಣು ಮೂಗಿನಿಂದ ಕೀವು ಸೋರುವುದು ಕಂಡರೆ ಡಿಸ್ಟೆಂಪರ್ ಎಂಬ ವೈರಸ್ ರೋಗವೋ ರೇಬೀಸೋ ಇರಬಹುದು. ಹತ್ತಿರ ಹೋಗದೆ ನಗರದ ಪ್ರಾಣಿ ಸೇವೆಗೆ ತಿಳಿಸಿ, ಟೊರಾಂಟೊದಲ್ಲಾದರೆ 311ಕ್ಕೆ ಫೋನು ಮಾಡಿ.

ಹಿಕ್ಕೆಯನ್ನು ತೆಗೆಯುವುದು

ರಕೂನುಗಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮಲ ಹಾಕುತ್ತವೆ: ಅಟ್ಟದ ಮೂಲೆ, ಛಾವಣಿಯ ಚಪ್ಪಟೆ ಭಾಗ, ಮರದ ಬುಡ, ಕೆಲವೊಮ್ಮೆ ಮಕ್ಕಳ ಮರಳಿನ ತೊಟ್ಟಿ. ಅದರಲ್ಲಿ ಬೇಲಿಸ್‌ಆಸ್ಕರಿಸ್ ಎಂಬ ದುಂಡುಹುಳುವಿನ ಮೊಟ್ಟೆಗಳಿರಬಹುದು. ಅವು ಬಾಯಿಗೆ ಸೇರಿದರೆ ಮರಿಹುಳುಗಳು ಮಿದುಳು, ಕಣ್ಣುಗಳಿಗೆ ಹೋಗುತ್ತವೆ. ಮನುಷ್ಯರಿಗೆ ತಗಲುವುದು ಅಪರೂಪ, ತಗಲಿದರೆ ಭೀಕರ, ಅದರಲ್ಲೂ ಮಣ್ಣು ಬಾಯಿಗೆ ಹಾಕುವ ಪುಟ್ಟ ಮಕ್ಕಳಿಗೆ. ಸಮಾಧಾನದ ಸಂಗತಿ ಎಂದರೆ ಹೊಸ ಹಿಕ್ಕೆಯ ಮೊಟ್ಟೆ ಸೋಂಕು ತರುವ ಸ್ಥಿತಿಗೆ ಬರಲು ಎರಡರಿಂದ ನಾಲ್ಕು ವಾರ ಬೇಕು. ಕಂಡ ದಿನವೇ ತೆಗೆದರೆ ಅಪಾಯ ಬಹುಪಾಲು ಕಳೆಯಿತು. ಬಿಟ್ಟರೆ ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ, ಬ್ಲೀಚಿಗೂ ಸಾಯುವುದಿಲ್ಲ.

ಕೈಗವಸು, ಎನ್95 ಮಾಸ್ಕ್, ತೊಳೆಯಬಹುದಾದ ರಬ್ಬರ್ ಬೂಟು ಹಾಕಿಕೊಳ್ಳಿ. ಒಣಗಿದ್ದರೆ ದೂಳೇಳದಂತೆ ಮೊದಲು ನೀರು ಚಿಮುಕಿಸಿ, ಸಲಿಕೆಯಿಂದ ಎತ್ತಿ ಎರಡು ಚೀಲದೊಳಗೆ ಕಟ್ಟಿ. ನೆಲಕ್ಕೆ, ಸಲಿಕೆಗೆ ಕುದಿಯುವ ನೀರು ಸುರಿಯಿರಿ. ಆ ಮೊಟ್ಟೆಗಳನ್ನು ಕೊಲ್ಲುವುದು ಬಿಸಿ ಮಾತ್ರ. ಅಟ್ಟದಲ್ಲಿ ಹಿಕ್ಕೆ ಮೂತ್ರ ಹೀರಿದ ಇನ್ಸುಲೇಶನ್ ಒರೆಸಿ ಉಳಿಸಿಕೊಳ್ಳುವಂಥದ್ದಲ್ಲ, ತೆಗೆಸಿ ಹೊಸದು ಹಾಕಿಸಿ.

ಹಿತ್ತಲು, ಹುಲ್ಲು, ಜೋಳ

ಡೆಕ್ಕಿನ ಅಡಿಗೆ ಬರದಂತೆ ತಡೆಯಲು ಸುತ್ತ ಒಂದು ಅಡಿ ಆಳ ತೋಡಿ, ಅದೇ ಕಬ್ಬಿಣದ ಜಾಲರಿಯನ್ನು ಇಳಿಸಿ, ತಳದಲ್ಲಿ ಹೊರಮುಖವಾಗಿ ಇನ್ನೊಂದು ಅಡಿ ಮಡಿಸಿ ಮಣ್ಣು ಮುಚ್ಚಿ. ಅಗೆಯಲು ಬಂದ ರಕೂನಿಗೆ ಎಲ್ಲಿ ಕೈಹಾಕಿದರೂ ಜಾಲರಿಯೇ ಸಿಗುತ್ತದೆ. ಚಿಮಣಿಗೆ ಲೋಹದ ಮುಚ್ಚಳ, ಛಾವಣಿಯ ಪ್ಲಾಸ್ಟಿಕ್ ವೆಂಟ್‌ಗಳ ಮೇಲೆ ಲೋಹದ ಪಂಜರ, ಛಾವಣಿಯತ್ತ ಚಾಚಿದ ಕೊಂಬೆಗಳಿಗೆ ಕತ್ತರಿ.

ಸೆಪ್ಟೆಂಬರ್ ಹೊತ್ತಿಗೆ ಹುಲ್ಲುಹಾಸು ಸುತ್ತಿಟ್ಟಂತೆ ಎದ್ದಿದ್ದರೆ ತಪ್ಪು ಹುಲ್ಲಿನಡಿಯ ಬಿಳಿ ಗೊಬ್ಬರಹುಳುಗಳದ್ದು, ರಕೂನು ಅವನ್ನು ತಿನ್ನಲು ಬರುತ್ತದೆ. ಬೇಸಿಗೆಯ ಕೊನೆಗೆ, ಒದ್ದೆ ಮಣ್ಣಿಗೆ, ಸಂಜೆಯ ಹೊತ್ತು ಹೆಟೆರೊರ್‍ಯಾಬ್ಡೈಟಿಸ್ ಜಾತಿಯ ನೆಮಟೋಡ್‌ಗಳನ್ನು (ಗೊಬ್ಬರಹುಳುವನ್ನು ಕೊಲ್ಲುವ ಅತಿ ಸಣ್ಣ ಹುಳುಗಳು) ನೀರಿನಲ್ಲಿ ಬೆರೆಸಿ ಹಾಕಿದರೆ ಹುಳು ಕಡಿಮೆಯಾಗುತ್ತದೆ, ರಕೂನೂ ಬೇರೆ ಹಿತ್ತಲು ನೋಡಿಕೊಳ್ಳುತ್ತದೆ. ಜೋಳ ಬೆಳೆಯುವವರು ತೆನೆ ಹಾಲ್ದುಂಬುವ ಮೊದಲೇ ನೆಲದಿಂದ 6 ಮತ್ತು 12 ಇಂಚು ಎತ್ತರಕ್ಕೆ ಎರಡು ಎಳೆ ವಿದ್ಯುತ್ ಬೇಲಿ ಕಟ್ಟಬೇಕು. ಒಮ್ಮೆ ರುಚಿ ಹತ್ತಿದ ಮೇಲೆ ಕಟ್ಟಿದ ಬೇಲಿಗೆ ಅದು ಅಷ್ಟಾಗಿ ಬೆಲೆ ಕೊಡುವುದಿಲ್ಲ.

ಕೆಲಸಗಾರರನ್ನು ಕರೆಸುವುದಾದರೆ

ಫೋನಿನಲ್ಲಿ ಬೆಲೆ ಕೇಳುವ ಮುಂಚೆ ನಾಲ್ಕು ಮಾತು ಕೇಳಿ. ಮರಿಗಳಿವೆಯೇ ಎಂದು ಅಟ್ಟದೊಳಗೆ ಹೋಗಿ ನೋಡುತ್ತೀರಾ? ಇದ್ದರೆ ತಾಯಿಯ ಜೊತೆ ಹೇಗೆ ಸೇರಿಸುತ್ತೀರಿ? ಹಿಡಿದದ್ದನ್ನು ಎಲ್ಲಿ ಬಿಡುತ್ತೀರಿ? ತೂತು ಮುಚ್ಚುವ ಕೆಲಸವೂ ನಿಮ್ಮದೇ ತಾನೇ, ಅದಕ್ಕೆ ಎಷ್ಟು ವರ್ಷದ ಖಾತರಿ? "ದೂರ ಒಯ್ದು ಬಿಡುತ್ತೇವೆ, ನೀವು ತಲೆ ಕೆಡಿಸಿಕೊಳ್ಳಬೇಡಿ" ಎಂದವರಿಗೆ ಅಲ್ಲೇ ವಂದನೆ ಹೇಳಿ ಫೋನಿಡಿ. ಒಮ್ಮುಖ ಬಾಗಿಲು, ಮರಿಪೆಟ್ಟಿಗೆ, ಜಾಲರಿಯ ಗೇಜು ಇವುಗಳ ಬಗ್ಗೆ ತಾವಾಗಿ ಮಾತಾಡುವವರು ಸಿಗುವವರೆಗೆ ಇನ್ನೆರಡು ಕಡೆ ವಿಚಾರಿಸಿ. ಒಪ್ಪಿದ್ದನ್ನು ಬರವಣಿಗೆಯಲ್ಲಿ ಪಡೆಯಿರಿ, ಕೆಲಸ ಮುಗಿದ ಮೇಲೆ ಮುಚ್ಚಿದ ಪ್ರತಿ ಜಾಗದ ಫೋಟೋ ಕೇಳಿ. ಛಾವಣಿಯ ಮೇಲೆ ಏನಾಗಿದೆ ಎಂಬುದು ಕೆಳಗೆ ನಿಂತವರಿಗೆ ಕಾಣುವುದಿಲ್ಲ.